ತಿರುವಿನ ಹಲಸಿನ ಮರ ಕಡಿಯಲು ಸಹಿ ಹಾಕಲೇ, ಬೇಡವೇ?

ಉಣಗೋಲು (ಪ್ರಶ್ನೆ ಕೇಳಿದವರು):

ನಮ್ಮ ಮನೆ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ, ಮಂಡಗದ್ದೆ ದಾಟಿದ ಮೇಲೆ ಸಿಗುವ ಒಂದು ತಿರುವಿನಲ್ಲಿದೆ. ರಸ್ತೆಗೂ ನಮ್ಮ ಉಣಗೋಲಿಗೂ (ಗಳ ಸರಿಸಿ ಒಳಬರುವ ಗೇಟು) ನಡುವೆ ಒಂದು ಹಲಸಿನ ಮರ. ಅತ್ತೆ ಮದುವೆಯಾಗಿ ಈ ಮನೆಗೆ ಬಂದಾಗಲೇ ಕಾಯಿ ಬಿಡುತ್ತಿತ್ತಂತೆ. ಬಕ್ಕೆ ಹಲಸು, ಹಪ್ಪಳಕ್ಕೆ ಹೇಳಿ ಮಾಡಿಸಿದ್ದು.

ಮರದ ರಸ್ತೆ ಕಡೆಯ ಮೈಯನ್ನು ಹತ್ತಿರ ನಿಂತು ನೋಡಬೇಕು. ಮೊಣಕಾಲೆತ್ತರದಲ್ಲಿ ತೊಗಟೆ ಕಿತ್ತುಹೋಗಿ ಅಲ್ಲಿ ಬಿಳಿ ಬಣ್ಣ ಹತ್ತಿಕೊಂಡಿದೆ. ಅದು ಬೆಂಗಳೂರಿನಿಂದ ಬಂದ ಕಾರಿನದು. ಅದಕ್ಕಿಂತ ಒಂದು ಗೇಣು ಮೇಲೆ ಹಸಿರು ಗೀರುಗಳು, ಹಸಿ ಅಡಿಕೆ ಹೇರಿಕೊಂಡು ಬಂದ ಪಿಕಪ್ಪಿನವು. ಸೊಂಟದೆತ್ತರದಲ್ಲಿ ಇನ್ನೊಂದು ಗಾಯವಿದೆ. ಮೇಣ ಒಸರಿ, ಒಣಗಿ, ಕಪ್ಪಗಾಗಿದೆ. ಅದು ಈ ಮಳೆಗಾಲದ್ದು.

ಕಾರಿನವರ ಕತೆಯನ್ನು ಈಗ ನಗುತ್ತಾ ಹೇಳಬಹುದು, ಯಾಕೆಂದರೆ ನಾಲ್ವರೂ ಬದುಕಿದರು. ಗುದ್ದಿದ ಏಟಿಗೆ ಹಾರನ್ ಸಿಕ್ಕಿಕೊಂಡು ಅರ್ಧ ಗಂಟೆ ಒಂದೇ ಸಮನೆ ಕೂಗಿತು, ಕೊನೆಗೆ ನಮ್ಮ ಮನೆಯವರೇ ಬ್ಯಾಟರಿಯ ವೈರು ಕಿತ್ತರು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಾಗ ಒಬ್ಬ ಹುಡುಗ, ‘ಆಂಟಿ, ಸೂರ್ಯಾಸ್ತದ ಹೊತ್ತಿಗೆ ಆಗುಂಬೆಯಲ್ಲಿ ಇರಬೇಕಿತ್ತು’ ಎಂದ. ಗೋಡೆಯ ಗಡಿಯಾರ ನೋಡಿದೆ. ಮಧ್ಯಾಹ್ನ ಒಂದೂವರೆ. ಇಲ್ಲಿಂದ ಆಗುಂಬೆಗೆ ದನ ಹೊಡೆದುಕೊಂಡು ಹೋಗುವ ಹಾಗೆ ಹೋದರೂ ಎರಡು ಗಂಟೆ ಬೇಡ.

ಸೊಂಟದೆತ್ತರದ ಗಾಯ ಪಕ್ಕದ ಊರಿನ ಹುಡುಗನದು. ಹತ್ತೊಂಬತ್ತು ವರ್ಷ. ಮೂರು ದಿನ ಬಿಡದೆ ಹೊಡೆದ ಮಳೆ ಅವತ್ತು ಬೆಳಿಗ್ಗೆ ಬಿಟ್ಟು ಹೊಳವಾಗಿತ್ತು. ಅಡಿಕೆ ತೋಟ ಇರುವವರಿಗೆ ಆ ಹೊಳವಿನ ಬೆಲೆ ಗೊತ್ತು. ಆಗ ಔಷಧಿ ಹೊಡೆಯದಿದ್ದರೆ ಕೊಳೆ ರೋಗ ಬಂದು ಕಾಯೆಲ್ಲ ಉದುರುತ್ತದೆ, ಆಮೇಲೆ ಬೇಕೆಂದರೂ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸಿಗುವುದಿಲ್ಲ. ಅರ್ಧ ತೋಟ ಮುಗಿಯುವಾಗ, ಔಷಧಿಗೆ ಸುಣ್ಣದ ಜೊತೆ ಬೆರೆಸುವ ಮೈಲುತುತ್ತ ಸಾಲದೆ ಬಂತು. ಕೊನೆಗಾರನನ್ನು ಮರದ ಬುಡದಲ್ಲಿ ಕೂರಿಸಿ ಹುಡುಗ ಬೈಕ್ ಹತ್ತಿ ತೀರ್ಥಹಳ್ಳಿಗೆ ಓಡಿದ. ವಾಪಸ್ ಬರುವಾಗ ನಮ್ಮ ತಿರುವಿನಲ್ಲಿ ಎದುರಿಗೆ ಒಂದು ಎಮ್ಮೆ ಇತ್ತು ಎನ್ನುತ್ತಾರೆ. ನಾನು ಶಬ್ದ ಕೇಳಿ ಹೊರಗೆ ಬಂದಾಗ ಎಮ್ಮೆ ಇರಲಿಲ್ಲ. ಚೀಲ ಹರಿದು ನೀಲಿ ಹರಳು ರಸ್ತೆ ತುಂಬ ಚೆಲ್ಲಿತ್ತು. ಹತ್ತು ನಿಮಿಷಕ್ಕೆ ಮತ್ತೆ ಮಳೆ ಹಿಡಿಯಿತು. ಆ ಹರಳೆಲ್ಲ ಕರಗಿ ನೀಲಿ ನೀರು ನಮ್ಮ ಉಣಗೋಲಿನ ಅಡಿಯಿಂದ ಹಾದು ಚರಂಡಿಗೆ ಇಳಿಯಿತು. ಅದು ಹರಿದ ದಾರಿಯಲ್ಲಿ ಹುಲ್ಲು ಇವತ್ತಿಗೂ ಸುಟ್ಟಂತೆ ಇದೆ. ಆಂಬುಲೆನ್ಸ್ ಬಂದಾಗ ಅವನಿಗೆ ಉಸಿರಿತ್ತು. ಶಿವಮೊಗ್ಗ ಮುಟ್ಟುವಾಗ ಇರಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅದರ ಹಿಂದಿನ ವಾರ ನಾನೇ ನನ್ನ ಮಗನಿಗೆ ಫೋನ್ ಮಾಡಿ, ‘ಸುಣ್ಣ ತರಲು ಎಷ್ಟು ಹೊತ್ತು ಮಾರಾಯ, ಹೊಳವು ಹೋಗುತ್ತದೆ, ಬೇಗ ಬಾ’ ಎಂದು ಗದರಿದ್ದೆ. ಅವನು ಬೇಗ ಬಂದಿದ್ದ.

ಈಗ ಊರಿನವರು ಸೇರಿ ಮರ ಕಡಿಸಬೇಕೆಂದು ಅರ್ಜಿ ಬರೆದಿದ್ದಾರೆ. ನಲವತ್ತಕ್ಕೂ ಹೆಚ್ಚು ಸಹಿ ಆಗಿದೆ. ಮೊನ್ನೆ ಆ ಹುಡುಗನ ಅಪ್ಪನೇ ಬಂದು ಜಗಲಿಯಲ್ಲಿ ಕುಳಿತು, ‘ತಂಗೀ, ಮರ ನಿಮ್ಮ ಬಾಗಿಲಿನಲ್ಲಿದೆ, ನಿನ್ನದೊಂದು ಸಹಿ ಇದ್ದರೆ ಕೆಲಸ ಬೇಗ ಆಗುತ್ತದೆ’ ಎಂದು ಕಾಗದ ಮುಂದಿಟ್ಟರು. ಒಳಗಿನಿಂದ ಅತ್ತೆ, ‘ಮರವೇನು ಎದ್ದು ರಸ್ತೆಗೆ ಹೋಗಿ ನಿಂತಿತ್ತೇ?’ ಎಂದರು. ಅವರಿಗೆ ಕಿವಿ ಮಂದ, ಹಾಗಾಗಿ ಮಾತು ಜೋರು. ಜಗಲಿಯಲ್ಲಿ ಯಾರೂ ತಲೆ ಎತ್ತಲಿಲ್ಲ.

ಮಗ ಸತ್ತ ಅಪ್ಪನಿಗೆ ಇಲ್ಲ ಎನ್ನುವುದು ಹೇಗೆ? ಆದರೆ ಮರದ ಹಿಂದೆ ಹನ್ನೆರಡು ಅಡಿ ಇಳಿಜಾರು, ಪಕ್ಕದಲ್ಲೇ ಮಕ್ಕಳು ಶಾಲೆಯ ಬಸ್ಸಿಗೆ ಕಾಯುವ ಜಾಗ. ಮರ ಇಲ್ಲದಿದ್ದರೆ ಆ ಕಾರು ಎಲ್ಲಿಗೆ ಬಂದು ನಿಲ್ಲುತ್ತಿತ್ತು? ಮರದ ಬದಲು ಹಂಪ್ ಹಾಕಿಸಬಹುದೇ? ರಸ್ತೆಯ ವಿಷಯ ಬಲ್ಲವರು ಹೇಳಿ.

*

ಕೆಂಪುಮಣ್ಣು:

ಜೀವಕ್ಕಿಂತ ಮರ ದೊಡ್ಡದಲ್ಲ. ಕಡಿಸಿ, ಬೇರೆ ಕಡೆ ಎರಡು ಗಿಡ ನೆಡಿ. ಭಾವುಕರಾಗಬೇಡಿ.

*

ಹಳೇ ಸ್ಟೇರಿಂಗ್:

ತಂಗೀ, ನಾನು ಇಪ್ಪತ್ತೇಳು ವರ್ಷ ಬಸ್ ಓಡಿಸಿದವನು. ಅದರಲ್ಲಿ ಹನ್ನೊಂದು ವರ್ಷ ಆಗುಂಬೆ ಘಾಟಿಯ ಮಿನಿ ಬಸ್. ನಿಮ್ಮ ಮರವನ್ನು ದಿನಕ್ಕೆ ಎರಡು ಸಲ ನೋಡಿದ್ದೇನೆ.

ಜನ ಘಾಟಿಗೆ ಹೆದರುತ್ತಾರೆ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಎಲ್ಲರಿಗೂ ಅದು ಗೊತ್ತು, ಹಾಗಾಗಿ ಎಲ್ಲರೂ ಎರಡನೇ ಗೇರಿನಲ್ಲಿ ದೇವರ ಹೆಸರು ಹೇಳಿಕೊಂಡು ಇಳಿಯುತ್ತಾರೆ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಹತ್ತಿ ಬರುವವನಿಗೆ ದಾರಿ ಬಿಡಬೇಕು, ಇವನ್ನು ಅಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರ್ ನ್ಯೂಟ್ರಲ್ ಮಾಡಿ ಬರೀ ಬ್ರೇಕಿನಲ್ಲಿ ಇಳಿದರೆ ಅರ್ಧ ದಾರಿಯಲ್ಲೇ ಲೈನಿಂಗ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಘಾಟಿ ತಾನೇ ಬುದ್ಧಿ ಹೇಳುತ್ತದೆ. ನಿಮ್ಮ ಮನೆಯ ಮುಂದಿನ ತಿರುವು ಹೇಳುವುದಿಲ್ಲ. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು ದಾಟಿ ಬರುವವನಿಗೆ ಕಾಡಿನ ನೆರಳು, ತಣ್ಣನೆ ಗಾಳಿ, ನುಣುಪು ರಸ್ತೆ. ಕಾಲು ತಾನಾಗಿ ಒತ್ತುತ್ತದೆ. ನನ್ನ ಲೆಕ್ಕದಲ್ಲಿ ಅಪಾಯದ ತಿರುವು ಎಂದರೆ ತಿರುವು ಎಂದು ಅನ್ನಿಸದ ತಿರುವು.

ನಾನೇನೂ ಸಾಚಾ ಅಲ್ಲ. ಹಿಂದಿನ ಬಸ್ಸಿನವನು ನನ್ನ ಪ್ಯಾಸೆಂಜರನ್ನು ಎತ್ತಿಕೊಳ್ಳುತ್ತಾನೆ ಎಂಬ ಉರಿ ನನಗೂ ಇತ್ತು. ಒಮ್ಮೆ ಅದೇ ಉರಿಯಲ್ಲಿ ಬರುವಾಗ ಕರು ಅಡ್ಡ ಬಂತು. ಬ್ರೇಕ್ ತುಳಿದೆ, ಕರು ಉಳಿಯಿತು. ಮುಂದಿನ ಸೀಟಿನ ಕಂಬಿಗೆ ಮುಖ ಬಡಿದು ಒಬ್ಬ ಅಜ್ಜಿಯ ಎರಡು ಹಲ್ಲು ಹೋಯಿತು. ಮಾರನೆಯ ದಿನ ಆ ಅಜ್ಜಿ ಅದೇ ಬಸ್ಸಿಗೆ ಬಂದರು. ನನ್ನ ಹಿಂದೆಯೇ ಕುಳಿತರು. ಬೈಯಲಿಲ್ಲ. ತೀರ್ಥಹಳ್ಳಿ ಬರುವವರೆಗೂ ನನ್ನ ಭುಜದ ಮೇಲಿನಿಂದ ಮೀಟರಿನ ಮುಳ್ಳನ್ನೇ ನೋಡುತ್ತಾ ಕುಳಿತರು. ಆ ಬಸ್ಸಿನ ಮೀಟರ್ ಕೆಟ್ಟು ಎರಡು ವರ್ಷವಾಗಿತ್ತು, ಮುಳ್ಳು ಸೊನ್ನೆ ಬಿಟ್ಟು ಏಳುತ್ತಿರಲಿಲ್ಲ. ಅಜ್ಜಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಅವರು ಇಳಿಯುವವರೆಗೆ ನಲವತ್ತರ ಮೇಲೆ ಹೋಗಲೇ ಇಲ್ಲ.

ಅವತ್ತು ತೀರ್ಥಹಳ್ಳಿ ನಿಲ್ದಾಣಕ್ಕೆ ಎಷ್ಟು ತಡವಾಗಿ ಮುಟ್ಟಿದೆ ಗೊತ್ತೇ? ಎಂಟು ನಿಮಿಷ. ಅರವತ್ತು ಕಿಲೋಮೀಟರಿನಲ್ಲಿ ಎಂಟು ನಿಮಿಷ. ಹುಚ್ಚು ಹಿಡಿದವನಂತೆ ಓಡಿಸಿ ಉಳಿಸುತ್ತಿದ್ದದ್ದು ಅಷ್ಟೇ, ಅದನ್ನು ನಿಲ್ದಾಣದ ಹೋಟೆಲಿನಲ್ಲಿ ಬೋಂಡಾ ತಿಂದು ಕಳೆಯುತ್ತಿದ್ದೆ.

*

ನೂರೈವತ್ತು ಸಿಸಿ:

ಎಲ್ಲರೂ ವೇಗ ವೇಗ ಎನ್ನುತ್ತೀರಿ. ಆ ಎಮ್ಮೆ ಯಾರದು? ರಸ್ತೆಗೆ ದನ ಬಿಟ್ಟವರ ಹೆಸರು ಯಾವ ಅರ್ಜಿಯಲ್ಲೂ ಇರುವುದಿಲ್ಲ. ಮಳೆಗಾಲದಲ್ಲಿ ಗುಂಡಿ, ಟ್ರ್ಯಾಕ್ಟರ್ ಚಕ್ರದಿಂದ ಬಿದ್ದ ಕೆಸರು, ಬೇಸಿಗೆಯಲ್ಲಿ ರಸ್ತೆ ಮೇಲೆ ಹುಲ್ಲು ಒಕ್ಕುವವರು, ಹೈಬೀಮ್ ಇಳಿಸದ ಲಾರಿಗಳು. ಇವೆಲ್ಲದರ ನಡುವೆ ಸತ್ತವನ ಮೇಲೆಯೇ ತಪ್ಪು ಹೊರಿಸುವುದು ಸುಲಭ.

*

ಉಣಗೋಲು:

ಎಮ್ಮೆ ನಮ್ಮದಲ್ಲ. ಆದರೆ ನಮ್ಮದೂ ಆಗಬಹುದಿತ್ತು. ಕೊಟ್ಟಿಗೆಯಿಂದ ಬಿಟ್ಟ ದನ ರಸ್ತೆ ದಾಟಿಯೇ ಮೇಯುವ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಹೋಗಬೇಕು, ಬೇರೆ ದಾರಿ ಇಲ್ಲ. ರಸ್ತೆಗಿಂತ ಮುಂಚೆ ಬ್ಯಾಣ ಇತ್ತು. ಹುಡುಗನ ಮೇಲೆ ನಾನು ತಪ್ಪು ಹೊರಿಸಿಲ್ಲ ತಮ್ಮಾ, ಇನ್ನೊಮ್ಮೆ ಓದು. ಅವನನ್ನು ಓಡಿಸಿದ್ದು ಮಳೆ, ಕೊಳೆ, ಕಾಯುತ್ತಾ ಕುಳಿತ ಕೊನೆಗಾರ. ಎಮ್ಮೆ ಮಾತ್ರ ಯಾವತ್ತೂ ಎಮ್ಮೆಯ ವೇಗದಲ್ಲೇ ದಾಟುತ್ತದೆ. ಅದಕ್ಕೆ ಹೇಳಿ ಪ್ರಯೋಜನವಿಲ್ಲ.

*

ಚೈನೇಜ್:

ರಸ್ತೆ ಕೆಲಸದ ಎಂಜಿನಿಯರ್ ಆಗಿದ್ದೆ, ಈಗ ನಿವೃತ್ತ. ಮೊದಲು ಹಂಪಿನ ವಿಷಯ. ನಿಮ್ಮದು ರಾಷ್ಟ್ರೀಯ ಹೆದ್ದಾರಿ 169. ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಹಂಪ್ ಇರಬಾರದು, ಇದ್ದವನ್ನೂ ತೆಗೆಯಬೇಕು ಎಂದು 2016ರಲ್ಲೇ ಕೇಂದ್ರ ಸಚಿವಾಲಯ ಸೂಚಿಸಿದೆ. ಊರಿನವರೇ ರಾತ್ರೋರಾತ್ರಿ ಜಲ್ಲಿ ಸುರಿದು ಹಂಪ್ ಮಾಡುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಬಣ್ಣವಿಲ್ಲದ, ಫಲಕವಿಲ್ಲದ ಹಂಪಿಗೆ ಮಂಜಿನಲ್ಲಿ ಬರುವ ಬೈಕಿನವನು ಮೊದಲ ಬಲಿ. ನೀವು ಕೇಳಬಹುದಾದದ್ದು ಬೇರೆ: ತಿರುವಿಗೆ ಮುಂಚೆ ಗಡಗಡ ಎನ್ನುವ ರಂಬಲ್ ಪಟ್ಟಿಗಳು, ತಿರುವಿನುದ್ದಕ್ಕೂ ಬಾಣದ ಗುರುತಿನ ಹೊಳೆಯುವ ಫಲಕಗಳು, ಮರದ ಮುಂದೆ ಕಬ್ಬಿಣದ ತಡೆಬೇಲಿ, ವೇಗ ಮಿತಿಯ ಫಲಕ.

ಮರದ ವಿಷಯದಲ್ಲಿ ಕೆಂಪುಮಣ್ಣು ಅವರ ಮಾತನ್ನು ತಳ್ಳಿಹಾಕಲಾರೆ. ಚಾಲಕ ತಪ್ಪು ಮಾಡಿದರೂ ರಸ್ತೆ ಅವನನ್ನು ಕೊಲ್ಲಬಾರದು ಎಂಬುದು ನಮ್ಮ ವಿದ್ಯೆಯ ಪಾಠ. ದಪ್ಪ ಮರ ಕೊಲ್ಲುತ್ತದೆ. ಆದರೆ ಇಳಿಜಾರೂ ಕೊಲ್ಲುತ್ತದೆ, ಅದಕ್ಕೇ ತಡೆಬೇಲಿ ಎಂದೆ. ಬೇಲಿ ಇದ್ದರೆ ಮರ ಇದ್ದರೂ ಸರಿ, ಹೋದರೂ ಸರಿ.

ನನಗೆ ತಿಳಿಯಬೇಕಾದದ್ದು ಎರಡು. ಮರ ತಿರುವಿನ ಹೊರಬದಿಯಲ್ಲಿದೆಯೋ ಒಳಬದಿಯಲ್ಲಿದೆಯೋ? ಹೊರಬದಿಯಲ್ಲಿದ್ದರೆ ಅದು ನೋಟಕ್ಕೆ ಅಡ್ಡಿಯಲ್ಲ. ಎರಡನೆಯದು, ತಿರುವಿಗೆ ಬರುವವನಿಗೆ ಎಷ್ಟು ಮೀಟರ್ ದೂರದಿಂದ ಮುಂದಿನ ರಸ್ತೆ ಕಾಣುತ್ತದೆ? ಇದನ್ನು ನೀವೇ ಅಳೆಯಬಹುದು. ಚಾಲಕನ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿ ಎಂದು ನಾವು ಹಿಡಿಯುತ್ತೇವೆ, ಸ್ಕೂಟರಿನ ಮೇಲೆ ಕುಳಿತರೆ ಹೆಚ್ಚುಕಡಿಮೆ ಅಷ್ಟೇ.

ಅಳೆದ ಮೇಲೆ ಹೋಲಿಸಲು: ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಗಂಟೆಗೆ 40 ಕಿ.ಮೀ. ವೇಗಕ್ಕೆ 45 ಮೀಟರ್ ನೋಟ ಬೇಕು, 60ಕ್ಕೆ 80 ಮೀಟರ್, 80ಕ್ಕೆ 120 ಮೀಟರ್. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎರಡೂವರೆ ಸೆಕೆಂಡ್ ಕಳೆಯುತ್ತದೆ ಎಂದು ಹಿಡಿದ ಲೆಕ್ಕವಿದು. ಚುರುಕಿನವರು ‘ನನಗೆ ಅಷ್ಟು ಹೊತ್ತು ಬೇಡ’ ಎನ್ನುತ್ತಾರೆ. ಇರಲಿ, ಒಂದೂವರೆ ಸೆಕೆಂಡ್ ಎನ್ನೋಣ, ರಸ್ತೆ ಒಣಗಿದೆ, ಟೈರ್ ಹೊಸದು ಎನ್ನೋಣ. 60ರಲ್ಲಿ ಬರುವ ಕಾರು ಸುಮಾರು 45 ಮೀಟರಿನಲ್ಲಿ ನಿಲ್ಲುತ್ತದೆ. ಅದರ ಪಕ್ಕದಲ್ಲೇ 80ರಲ್ಲಿ ಬಂದು ಅದೇ ಜಾಗದಲ್ಲಿ ಎಮ್ಮೆ ಕಂಡ ಇನ್ನೊಂದು ಕಾರನ್ನು ಊಹಿಸಿ. ಮೊದಲನೆಯದು ನಿಂತ ಗೆರೆಯನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ 65 ಇರುತ್ತದೆ. ಇಪ್ಪತ್ತು ಹೆಚ್ಚು ಓಡಿಸಿದವನು ಇಪ್ಪತ್ತರ ವೇಗದಲ್ಲಿ ಗುದ್ದುತ್ತಾನೆ ಎಂದು ಎಲ್ಲರ ಅಂದಾಜು. ನಾನು ಕಾಲೇಜಿನಲ್ಲಿ ಈ ಲೆಕ್ಕ ಮೊದಲು ಮಾಡಿದಾಗ ತಪ್ಪಿದೆ ಎಂದು ಮತ್ತೆ ಮಾಡಿದ್ದೆ. ಮಳೆಯಲ್ಲಿ ಇದು ಇನ್ನೂ ಕೆಡುತ್ತದೆ.

ನೂರೈವತ್ತು ಸಿಸಿ ಅವರ ಸಿಟ್ಟಿನಲ್ಲಿ ಒಂದು ಹಿಡಿ ಸತ್ಯ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ನೂರಕ್ಕೆ 71ರಷ್ಟು ಸಾವಿಗೆ ಅತಿವೇಗ ಕಾರಣ ಎಂದು ಸರ್ಕಾರದ ವರದಿ. ಆ 71ನ್ನು ನಾನು ಪೂರ್ತಿ ನಂಬುವುದಿಲ್ಲ, ಏಕೆಂದರೆ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಮಾತಿಲ್ಲದ ಅಪಘಾತದ ಎಫ್‌ಐಆರ್ ನಾನು ಓದಿಯೇ ಇಲ್ಲ. ಹಾಗೆ ಬರೆದುಬಿಟ್ಟರೆ ರಸ್ತೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಮೇಲಿನ 65ರ ಲೆಕ್ಕ ಯಾವ ಎಫ್‌ಐಆರನ್ನೂ ನಂಬಿ ಮಾಡಿದ್ದಲ್ಲ.

*

ನೂರೈವತ್ತು ಸಿಸಿ:

ಸರ್, ಇಂತಹ ರಸ್ತೆಯಲ್ಲಿ ಕಾರಿಗೆ 70, ಬೈಕಿಗೆ 60 ಎಂದು ಕಾನೂನೇ ಹೇಳುತ್ತದೆಯಲ್ಲ?

*

ಚೈನೇಜ್:

2018ರ ಅಧಿಸೂಚನೆಯಲ್ಲಿ ಹಾಗೆಯೇ ಇದೆ. ಅದು ಮೇಲಿನ ಮಿತಿ, ಅದಕ್ಕಿಂತ ಕಡಿಮೆ ಮಿತಿಯನ್ನು ಸ್ಥಳೀಯವಾಗಿ ಹಾಕಬಹುದು. ತಿರುವು ಅಧಿಸೂಚನೆ ಓದಿರುವುದಿಲ್ಲ.

*

ನೂರೈವತ್ತು ಸಿಸಿ:

ಒಪ್ಪಿದೆ. ಅಕ್ಕಾ, ನಾನು ಕೆಲಸಕ್ಕೆ ದಿನಾ ನಿಮ್ಮ ಮನೆ ಮುಂದೆಯೇ ಹೋಗುವವನು. ಎಪ್ಪತ್ತರಲ್ಲಿ ಬರುತ್ತೇನೆ. ಆದರೆ ಮಂಜು ಮುಸುಕಿದ ಬೆಳಿಗ್ಗೆ, ಬಿಳಿ ಗೆರೆ ಸಹ ಕಾಣದಿರುವಾಗ ಆ ಮರ ಕಪ್ಪಗೆ ಎದ್ದು ನಿಂತದ್ದು ಕಂಡರೆ ಗೇರ್ ಇಳಿಸುತ್ತೇನೆ. ಹಲಸಿನ ಮರ ಬಂತು ಎಂದರೆ ತಿರುವು ಬಂತು ಎಂದು. ಅದನ್ನು ಕಡಿದರೆ ನನಗೆ ತಿರುವು ಗೊತ್ತಾಗುವುದು ತಿರುವಿನೊಳಗೆ ಬಂದ ಮೇಲೆಯೇ. ಇದು ನನ್ನೊಬ್ಬನ ಮಾತಲ್ಲ, ಈ ದಾರಿಯಲ್ಲಿ ಓಡಾಡುವ ನಾಲ್ಕೈದು ಜನ ಗೆಳೆಯರನ್ನು ಕೇಳಿದೆ, ಎಲ್ಲರಿಗೂ ಅದೇ ಗುರುತು.

*

ಹಳೇ ಸ್ಟೇರಿಂಗ್:

ನಮಗೂ ಅದೇ. ಕಂಡಕ್ಟರ್ ‘ಹಲಸಿನ ಮರ’ ಎಂದೇ ಸ್ಟಾಪ್ ಕೂಗುತ್ತಿದ್ದ. ಎಂಜಿನಿಯರ್ ಸಾಹೇಬರಿಗೆ ಒಂದು ಮಾತು: ನೋಟ ಹೆಚ್ಚಲಿ ಎಂದು ಒಳಬದಿಯ ಗಿಡಗಂಟಿ ಸವರಿಸುತ್ತೀರಿ, ಸರಿ. ನೋಟ ಸಿಕ್ಕಿದೊಡನೆ ನಮ್ಮವರು ಇನ್ನೂ ಒತ್ತುತ್ತಾರೆ. ರಂಬಲ್ ಪಟ್ಟಿ ಮೊದಲು ಬರಲಿ, ಕತ್ತಿ ಆಮೇಲೆ.

*

ಉಣಗೋಲು:

ಇವತ್ತು ಬೆಳಿಗ್ಗೆ ಅಳೆದೆವು. ಮರ ಹೊರಬದಿಯಲ್ಲಿದೆ. ಒಳಬದಿಯಲ್ಲಿ ಎತ್ತರದ ಮಣ್ಣಿನ ದರೆ, ಅದರ ಮೇಲೆ ಬಿದಿರು ಮತ್ತು ಲಂಟಾನ. ಕಾಣದಂತೆ ಮಾಡಿರುವುದು ಅವು.

ಮರದ ನೇರಕ್ಕೆ ರಸ್ತೆಯ ಅಂಚಿನಲ್ಲಿ ಬಚ್ಚಲಿನ ಕೆಂಪು ಬಕೆಟ್ ಇಟ್ಟೆ. ಮಗ ತೀರ್ಥಹಳ್ಳಿ ಕಡೆಯಿಂದ ಸ್ಕೂಟರ್ ತಳ್ಳುತ್ತಾ, ಕುಳಿತು ನೋಡುತ್ತಾ, ಮತ್ತೆ ತಳ್ಳುತ್ತಾ ಬಂದ. ಬಕೆಟ್ ಕಂಡ ಜಾಗದಲ್ಲಿ ನಿಂತು ಕೈ ಎತ್ತಿದ. ತೋಟದಲ್ಲಿ ಗುಂಡಿಯ ಸಾಲು ಹಿಡಿಯುವ ನೈಲಾನ್ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿಟ್ಟುಕೊಂಡಿದ್ದೆ. ನಾನು ಬಕೆಟ್ಟಿನ ಹತ್ತಿರ ಒಂದು ತುದಿ ಹಿಡಿದೆ. ಮಗ ಸ್ಕೂಟರ್ ಬಿಟ್ಟು ಬರುವ ಹಾಗಿರಲಿಲ್ಲ, ಎರಡೂ ಕಡೆಯಿಂದ ವಾಹನ ಬರುತ್ತಿದ್ದವು. ಇನ್ನೊಂದು ತುದಿ ಯಾರು ಹಿಡಿಯಬೇಕು ಎಂದು ನೋಡುವಾಗ ಆ ಹುಡುಗನ ಅಪ್ಪ ಡೈರಿಗೆ ಹಾಲು ಕೊಟ್ಟು ಖಾಲಿ ಕ್ಯಾನ್ ಹಿಡಿದು ನಡೆದು ಬರುತ್ತಿದ್ದರು. ಏನು ಎತ್ತ ಎಂದು ಕೇಳಲಿಲ್ಲ. ಕ್ಯಾನನ್ನು ಮರದ ಬುಡದಲ್ಲಿ ಇಟ್ಟು, ಹಗ್ಗದ ತುದಿ ತೆಗೆದುಕೊಂಡು ರಸ್ತೆಯ ಅಂಚು ಹಿಡಿದು ನಡೆದರು. ತಿರುವಿನ ಆಚೆಯಿಂದ ಗಂಟು ಎಣಿಸುವುದು ನನಗೆ ಕೇಳುತ್ತಿತ್ತು.

ಮೂವತ್ತೆಂಟು.

ವಾಪಸ್ ಬಂದು, ‘ಎಷ್ಟು ಬೇಕಂತೆ?’ ಎಂದರು. ‘ನಲವತ್ತರಲ್ಲಿ ಬರುವವನಿಗೆ ನಲವತ್ತೈದು, ಅರವತ್ತರಲ್ಲಿ ಬರುವವನಿಗೆ ಎಂಬತ್ತು’ ಎಂದೆ. ಅವರು ಮೊಣಕೈಗೂ ಅಂಗೈಗೂ ಹಗ್ಗ ಸುತ್ತುತ್ತಾ ನಿಂತರು, ಒಂದು ಸುತ್ತೂ ಸಡಿಲ ಬಿಡದೆ. ಎಲ್ಲಾ ಸುತ್ತಿ ಮುಗಿದ ಮೇಲೆ, ‘ಅವನು ಅರವತ್ತಕ್ಕಿಂತ ಕಡಿಮೆಯಲ್ಲಿ ಬಂದವನೇ ಅಲ್ಲ ತಂಗೀ. ಅವತ್ತು ನಾನು ಎರಡು ಸಲ ಫೋನ್ ಮಾಡಿದ್ದೆ’ ಎಂದರು.

ಮರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಳೆಯ ಅರ್ಜಿ ಅವರ ಹತ್ತಿರವೇ ಇದೆ. ಸೋಮವಾರ ಇಬ್ಬರೂ ಶಿವಮೊಗ್ಗಕ್ಕೆ ಹೋಗುವುದು ಎಂದಾಗಿದೆ. ಚೈನೇಜ್ ಅವರೇ, ಅರ್ಜಿಯನ್ನು ಹೆದ್ದಾರಿ ವಿಭಾಗಕ್ಕೆ ಬರೆಯಬೇಕೋ, ಜಿಲ್ಲಾಧಿಕಾರಿಗಳ ರಸ್ತೆ ಸುರಕ್ಷತಾ ಸಮಿತಿಗೋ? ರಂಬಲ್ ಪಟ್ಟಿ, ತಡೆಬೇಲಿ ಇವನ್ನೆಲ್ಲ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ನಾಲ್ಕು ಸಾಲು ಬರೆದುಕೊಡಿ. ಮೂವತ್ತೆಂಟು ಮೀಟರ್ ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಿ.

*

ಚೈನೇಜ್:

ಎರಡಕ್ಕೂ ಕೊಡಿ, ಎರಡರಲ್ಲೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಇವತ್ತು ರಾತ್ರಿ ಬರೆದು ಕಳಿಸುತ್ತೇನೆ. ಮರದ ಆ ಬಣ್ಣದ ಗೀರುಗಳ ಫೋಟೋ ತೆಗೆದು ಜೊತೆಗಿಡಿ, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು.